ಹಾಡುಗಾರನ ಅಂಕಿತ

ಬೆಂಗಳೂರು, ಮೈಸೂರಿನ ರಾಕ್ ಬ್ಯಾಂಡುಗಳು ಕಾಲು ಶತಮಾನದಿಂದ ತಮ್ಮ ಹಾಡುಗಳನ್ನು ಹೆಸರು, ಇಸವಿ ಸಮೇತ ಮುದ್ರಿಸಿಟ್ಟುಕೊಂಡು ಬಂದಿವೆ. ಯಾದಗಿರಿ, ಶಹಾಪುರ, ಸುರಪುರದ ಭಜನಿ ಮೇಳಗಳು ಅವಕ್ಕಿಂತ ಎಷ್ಟೋ ಹಳೆಯವು. ಇವುಗಳ ಲೆಕ್ಕ ಇಟ್ಟವರು ಯಾರು?

ಶಹಾಪುರದ ಸಮೀಪದ ನಮ್ಮ ಹಳ್ಳಿಯಲ್ಲಿ ಅಮಾಸಿ ಬಂತೆಂದರೆ ರಾತ್ರಿ ಉಂಡ ಮೇಲೆ ಗುಡಿ ಕಟ್ಟೆಗೆ ಕಂಬಳಿ ಬೀಳುತ್ತಿತ್ತು. ಒಬ್ಬರು ಪೇಟಿ ಹೊತ್ತು ತರುವರು. ಮತ್ತೊಬ್ಬರು ದಮ್ಮಡಿಯ ಚರ್ಮವನ್ನು ಕೆಂಡದ ಮೇಲೆ ಹಿಡಿದು ಕಾಯಿಸಿ, ಬೆರಳಿನಿಂದ ಬಡಿದು ಕಿವಿಗೊಟ್ಟು, ಮತ್ತೆ ಕಾಯಿಸುವರು. ಅದು ಟಣ್ ಎಂದ ಮೇಲೆಯೇ ಏಕತಾರಿಯ ತಂತಿ ಬಿಗಿಯುವುದು. ಮೇಳದ ಹಿರಿಯರನ್ನು ಊರೆಲ್ಲ ಮುತ್ಯಾ ಎಂದೇ ಕರೆಯುತ್ತಿತ್ತು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಡಕೋಳ ಮಡಿವಾಳಪ್ಪನವರ ಪದ, ಚನ್ನೂರ ಜಲಾಲಸಾಹೇಬರ ಪದ, ಮೊಹರಮ್ಮಿನ ರಿವಾಯತು ಎಲ್ಲ ಬಾಯಿಪಾಠ. ಒಂದು ಪದ ಹಿಡಿದರೆ ಅರ್ಧ ತಾಸು ಬಿಡುತ್ತಿರಲಿಲ್ಲ. ಪಲ್ಲವಿಗೆ ತಿರುಗಿ ಬರುವಾಗಲೆಲ್ಲ ದನಿಯಲ್ಲಿ ಏನೋ ಒಂದು ಬದಲಾಗಿರುತ್ತಿತ್ತು.

“ಮುತ್ಯಾ, ಇದನ್ನ ಟೇಪಿನ್ಯಾಗ ಹಿಡದ ಇಡಬೇಕ್ರಿ” ಎಂದು ನಾನೊಮ್ಮೆ ಹೇಳಿದ್ದೆ. “ಯಾಕ ತಮ್ಮಾ, ನಾ ಎಲ್ಲಿ ಹೊಂಟೀನಿ? ಬರೋ ಅಮಾಸಿಗಿ ಮತ್ತ ಹಾಡ್ತೀನಿ, ಬಾ” ಎಂದಿದ್ದರು. ನಾನೂ ಸುಮ್ಮನಾದೆ. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರು. ಮಣ್ಣು ಮಾಡಿ ಬಂದ ಸಂಜೆ ಮನೆಮಂದಿ ಅವರ ದನಿ ಎಲ್ಲಾದರೂ ಇದೆಯೇ ಎಂದು ಹುಡುಕಿದರು. ಸಿಕ್ಕದ್ದು ಮದುವೆಯೊಂದರಲ್ಲಿ ಯಾರೋ ಮೊಬೈಲಿನಲ್ಲಿ ತೆಗೆದ ನಲವತ್ತು ಸೆಕೆಂಡಿನ ವಿಡಿಯೊ. ಅದರಲ್ಲಿ ಜನರೇಟರಿನ ಸದ್ದಿದೆ, ಊಟಕ್ಕೆ ಕರೆಯುವವರ ಕೂಗಿದೆ, ನಡುವೆ ಎರಡು ಸಾಲು ಮುತ್ಯಾನ ದನಿ ಇದೆ. ಮೂರನೆಯ ಸಾಲಿಗೆ ಮೊದಲೇ ವಿಡಿಯೊ ನಿಂತುಹೋಗುತ್ತದೆ. ಒಂದು ಆಯುಷ್ಯದ ಹಾಡಿಗೆ ಉಳಿದ ದಾಖಲೆ ಅಷ್ಟೇ.

ಅದೇ ವರ್ಷ ಬೆಂಗಳೂರಿನಲ್ಲಿ ಗೆಳೆಯರೊಬ್ಬರ ಮನೆಯ ಕಪಾಟಿನಲ್ಲಿ ಒಂದೇ ಬ್ಯಾಂಡಿನ ಸೀಡಿಗಳನ್ನು ಇಸವಿ ಪ್ರಕಾರ ಜೋಡಿಸಿಟ್ಟದ್ದು ಕಂಡೆ. ಪ್ರತಿಯೊಂದರ ಒಳಗೂ ಒಂದು ಸಣ್ಣ ಪುಸ್ತಿಕೆ. ಹಾಡು ಬರೆದವರು, ಗಿಟಾರು, ಡ್ರಮ್ಸು ನುಡಿಸಿದವರು, ಮುದ್ರಣವಾದ ಜಾಗ, ಎಲ್ಲಕ್ಕೂ ಅಲ್ಲಿ ಅಚ್ಚಿನ ಅಕ್ಷರವಿತ್ತು. ಆ ಕಪಾಟಿನ ಮುಂದೆ ನಿಂತಾಗ ನನಗೆ ನೆನಪಾದದ್ದು ಆ ನಲವತ್ತು ಸೆಕೆಂಡು. ಈ ಲೇಖನ ಹುಟ್ಟಿದ್ದು ಅಲ್ಲಿ.

ಆಟೊ ಮೀಟರಿನ ಮೇಲೆ ಒಂದೂವರೆ

ಆ ಬ್ಯಾಂಡಿನ ಹೆಸರು ‘ಥರ್ಮಲ್ ಆ್ಯಂಡ್ ಎ ಕ್ವಾರ್ಟರ್’. 1996ರಲ್ಲಿ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಹುಡುಗರು ಕಟ್ಟಿದ್ದು. ಹೆಸರಿನ ಹಿಂದೆ ಒಂದು ಒಗಟಿದೆ. ಮೊದಲ ತಂಡದಲ್ಲಿ ಮೂವರು ಪೂರ್ತಿ ಮಲಯಾಳಿಗಳು, ಒಬ್ಬರು ಕಾಲು ಭಾಗ ಮಲಯಾಳಿ. ಮೂರು ‘ಮಲ್’ ಮತ್ತು ಒಂದು ಕಾಲು ಸೇರಿ ಈ ಹೆಸರಾಯಿತು. ಹಾಡುಗಾರ, ಗಿಟಾರು ವಾದಕ ಬ್ರೂಸ್ ಲೀ ಮಣಿ ಮತ್ತು ಡ್ರಮ್ಸ್ ನುಡಿಸುವ ರಾಜೀವ್ ರಾಜಗೋಪಾಲ್ ಈ ಬ್ಯಾಂಡಿನ ಎರಡು ಕಂಬಗಳು. ಉಳಿದ ಜಾಗಗಳಲ್ಲಿ ಬಂದವರಿದ್ದಾರೆ, ಹೋದವರಿದ್ದಾರೆ. ಬ್ಯಾಂಡು ಮಾತ್ರ ನಿಂತಿಲ್ಲ.

ಅವರ ಆಲ್ಬಮ್ಮುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಊರಿನ ಕಥೆಯೇ ತೆರೆದುಕೊಳ್ಳುತ್ತದೆ. 2000ದಲ್ಲಿ ಬಂದ ಮೊದಲ ಆಲ್ಬಮ್ಮಿಗೆ ಅವರು ಇಟ್ಟ ಹೆಸರು ‘ಥರ್ಮಲ್‌ಆ್ಯಂಡ್‌ಎಕ್ವಾರ್ಟರ್ ಡಾಟ್ ಕಾಮ್’. ಬೆಂಗಳೂರಿನ ಹುಡುಗರೆಲ್ಲ ಡಾಟ್ ಕಾಮ್ ಕನಸು ಕಾಣುತ್ತಿದ್ದ ದಿನಗಳು ಅವು ಎಂಬುದನ್ನು ಆ ಹೆಸರೊಂದೇ ಹೇಳುತ್ತದೆ. 2002ರಲ್ಲಿ ‘ಜುಪಿಟರ್ ಕೆಫೆ’, 2005ರಲ್ಲಿ ‘ಪ್ಲ್ಯಾನ್ ಬಿ’, 2008ರಲ್ಲಿ ‘ದಿಸ್ ಈಸ್ ಇಟ್’. 2012ರಲ್ಲಿ ಅವರು ದೊಡ್ಡ ಸಾಹಸಕ್ಕೆ ಕೈಹಾಕಿದರು. ‘3 ವ್ಹೀಲ್ಸ್ 9 ಲೈವ್ಸ್’ ಎಂಬ ಆಲ್ಬಮ್ಮಿನಲ್ಲಿ ಮೂರು ಸೀಡಿ, 28 ಹಾಡು. ಆಟೊರಿಕ್ಷಾದ ಮೂರು ಗಾಲಿಯ ಮೇಲೆ ಕೂತು ಬೆಂಗಳೂರನ್ನು ಸುತ್ತಿ ಬಂದಂಥ ಕೆಲಸ ಅದು. ‘ಮೀಟರ್ ಮೇಲೆ ಒನ್ ಆ್ಯಂಡ್ ಎ ಹಾಫ್’ ಎಂಬ ಹಾಡೂ ಅದರಲ್ಲಿದೆ. ರಾತ್ರಿ ಹತ್ತು ದಾಟಿದ ಮೇಲೆ ಮೆಜೆಸ್ಟಿಕ್ಕಿನಲ್ಲಿ ಇಳಿದು ಆಟೊ ಕೇಳಿದ ನಮ್ಮ ಕಡೆಯ ಮಂದಿಗೆ ಆ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಆಮೇಲೆ 2015ರಲ್ಲಿ ‘ನೋ ವಾಲ್ ಟೂ ಹೈ’, 2020ರಲ್ಲಿ ‘ಎ ವರ್ಲ್ಡ್ ಗಾನ್ ಮ್ಯಾಡ್’. ಹೀಗೆ ಇಪ್ಪತ್ತು ವರ್ಷಕ್ಕೆ ಏಳು ದೊಡ್ಡ ಆಲ್ಬಮ್ಮುಗಳು.

ಅವರು ಹಾಡುವುದು ಇಂಗ್ಲಿಷಿನಲ್ಲಿ. ಅವರ ಸಂಗೀತ ನಮ್ಮ ಓದುಗರೆಲ್ಲರ ಕಿವಿಗೂ ಒಗ್ಗಬೇಕೆಂದೇನೂ ಇಲ್ಲ. ನಾನು ಹೇಳಬೇಕಾದದ್ದು ಅವರ ಹಟದ ಬಗ್ಗೆ. ನಮ್ಮ ನಾಡಿನಲ್ಲಿ ಹಾಡೆಂದರೆ ಸಿನಿಮಾದ ಹಾಡು. ಸಿನಿಮಾ ಹಾಡಿಗೆ ನಿರ್ಮಾಪಕರ ಹಣವಿದೆ, ನಾಯಕನ ಮುಖವಿದೆ, ಥಿಯೇಟರಿದೆ. ಸಿನಿಮಾದ ಆಸರೆ ಇಲ್ಲದ ಬ್ಯಾಂಡಿಗೆ ಸ್ಟುಡಿಯೊ ಬಾಡಿಗೆಯಿಂದ ಹಿಡಿದು ಸೀಡಿಯ ಹೊದಿಕೆಯವರೆಗೆ ಎಲ್ಲವನ್ನೂ ತಾನೇ ಹೊಂದಿಸಿಕೊಳ್ಳುವ ಕಷ್ಟ. ಆದರೂ ನಿಲ್ಲಿಸಲಿಲ್ಲ. ಇದೇ ಬೆಂಗಳೂರಿನಲ್ಲಿ 1998ರಲ್ಲಿ ಹುಟ್ಟಿದ ‘ಕ್ರಿಪ್ಟೋಸ್’ ಎಂಬ ಹೆವಿ ಮೆಟಲ್ ಬ್ಯಾಂಡ್ 2004ರಿಂದ ಒಂದರ ಹಿಂದೊಂದು ಆಲ್ಬಮ್ ತರುತ್ತ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದ ವೇದಿಕೆಯವರೆಗೆ ಹೋಯಿತು. 2003ರಲ್ಲಿ ಸೇರಿದ ‘ಅಗಂ’ ತಂಡ ಕರ್ನಾಟಕ ಸಂಗೀತದ ರಾಗಗಳನ್ನು ಗಿಟಾರಿಗೆ ಕಟ್ಟಿ 2012ರಲ್ಲೂ 2017ರಲ್ಲೂ ಆಲ್ಬಮ್ ಹೊರತಂದಿತು. ಹಾಡುವುದರ ಜೊತೆಗೆ ಹಾಡಿದ್ದನ್ನು ಉಳಿಸುವುದೂ ತಮ್ಮದೇ ಹೊಣೆ ಎಂದು ಇವರೆಲ್ಲ ತಿಳಿದರು.

ಶರೀಫರ ಮಾಳಿಗೆಯಿಂದ ಲಂಡನ್ನಿಗೆ

ನಮ್ಮ ಭಜನಿ ಕಟ್ಟೆಗೆ ಹತ್ತಿರದ ಬ್ಯಾಂಡು ಮೈಸೂರಿನಿಂದ ಹೊರಟಿತು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಸೂಕ್ಷ್ಮಜೀವಿ ವಿಜ್ಞಾನ ಓದಿದವರು, ಭರತನಾಟ್ಯ ಕಲಿತವರು. ತೊಂಬತ್ತರ ದಶಕದ ಕೊನೆಯಲ್ಲಿ ‘ಅಂತರಾಗ್ನಿ’ ಎಂಬ ತಂಡ ಕಟ್ಟಿದರು. ಅದು ಒಡೆದ ಮೇಲೆ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಆಯಿತು. ದೊಡ್ಡ ಕಂಪನಿಗಳ ಬಾಗಿಲು ತಟ್ಟಿ ವರ್ಷಗಟ್ಟಲೆ ಕಾದ ಮೇಲೆ, ಮುಂಬೈನ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಅವರ ‘ಕೌಂಟರ್ ಕಲ್ಚರ್’ ಸಂಸ್ಥೆಯಿಂದ 2008ರಲ್ಲಿ ಮೊದಲ ಆಲ್ಬಮ್ ಹೊರಬಿತ್ತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಆ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಎರಡು ಪದಗಳಿವೆ. ಒಂದು ಸೋರುವ ಮಾಳಿಗೆಯದು, ಇನ್ನೊಂದು ಗುಡುಗುಡಿಯದು. 2010ರಲ್ಲಿ ಆಲ್ಬಮ್ ಬ್ರಿಟನ್ನಿನಲ್ಲಿ ಬಿಡುಗಡೆಯಾಯಿತು. ಅದೇ ವರ್ಷ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಬ್ಯಾಂಡು ಹಾಡಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿಯೂ ಬಂತು. 2013ರ ‘ಜಗ್ ಚಂಗಾ’ ಆಲ್ಬಮ್ಮಿನಲ್ಲಿ ಲೋಕದ ಕಾಳಜಿಯನ್ನು ಕುರಿತ ಶರೀಫರ ಪದ ಮತ್ತೆ ಕೇಳಿಸಿತು.

ಈ ಪದಗಳು ಬಂದ ದಾರಿಯನ್ನು ಹಿಂದಕ್ಕೆ ಹಿಡಿದು ನಡೆದರೆ ಒಂದು ವಂಶಾವಳಿ ಸಿಗುತ್ತದೆ. ಹಾವೇರಿ ಜಿಲ್ಲೆಯ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರು ಪದ ಕಟ್ಟಿದರು. ಹಳ್ಳಿಯ ಭಜನಿಗಳು ಅವನ್ನು ನೂರು ವರ್ಷ ಬಾಯಲ್ಲಿಟ್ಟು ಕಾಪಾಡಿದವು. ಆಮೇಲೆ ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣನವರ ಕಂಠದಲ್ಲಿ ಅವು ಕ್ಯಾಸೆಟ್ಟಿಗೆ ಬಂದವು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದಾಗ ಅಶ್ವತ್ಥ್ ಅವರ ಸಂಗೀತ ಅವನ್ನು ಮನೆಮನೆಗೆ ಮುಟ್ಟಿಸಿತು. ಅದನ್ನು ಕೇಳಿ ಬೆಳೆದ ಪೀಳಿಗೆ ಗಿಟಾರು ಹಿಡಿಯಿತು. ಈ ಸರಪಳಿಯ ಕೊನೆಯ ಮೂರು ಕೊಂಡಿಗಳು ಮುದ್ರಣಗೊಂಡಿವೆ. ಹಾಗಾಗಿ ಅಶ್ವತ್ಥರು ಎಲ್ಲಿ ನಿಧಾನಿಸಿದರು, ರಘು ಎಲ್ಲಿ ಓಡಿದರು ಎಂದು ಇಂದು ಯಾರಾದರೂ ಕೂತು ಕೇಳಿ ಹೇಳಬಹುದು. ಮೊದಲ ನೂರು ವರ್ಷದ ಭಜನಿಯವರು ಹೇಗೆ ಹಾಡಿದರು? ಅದನ್ನು ಕೇಳುವ ದಾರಿ ನಮಗಿಲ್ಲ.

ರಘು ಅವರ ತಮ್ಮ ವಾಸು ದೀಕ್ಷಿತ್ 2002ರಲ್ಲಿ ಮೈಸೂರಿನಲ್ಲಿ ಗೆಳೆಯರೊಂದಿಗೆ ಹುಟ್ಟುಹಾಕಿದ ತಂಡ ‘ಸ್ವರಾತ್ಮ’. 2009ರಲ್ಲಿ ಮೊದಲ ಆಲ್ಬಮ್, 2012ರಲ್ಲಿ ‘ಟೋಪಿವಾಲೆ’, 2018ರಲ್ಲಿ ‘ರಾಹ್–ಎ–ಫಕೀರಾ’. ಮೊದಲ ಆಲ್ಬಮ್ಮಿನ ‘ಪ್ಯಾಸಿ’ ಹಾಡಿನಲ್ಲಿ ಕಾವೇರಿ ನದಿಯೇ ಬಾಯಿ ತೆರೆದು ತನ್ನ ದಾಹ ಹೇಳಿಕೊಳ್ಳುತ್ತಾಳೆ. ನದಿಗಾಗಿ ಎರಡು ರಾಜ್ಯ ಜಗಳವಾಡುವಾಗ ನದಿಯ ಪರವಾಗಿ ಹಾಡಿದ ಬ್ಯಾಂಡು ಅದು. ಅತ್ತ ಕೃಷ್ಣೆ, ಇತ್ತ ಭೀಮೆ ಹರಿಯುವ ಜಿಲ್ಲೆಯಲ್ಲಿ ಹುಟ್ಟಿದ ನನಗೆ ಆ ಹಾಡು ಕೇಳಿದಾಗಲೆಲ್ಲ ನಮ್ಮ ಎರಡು ಹೊಳೆಗಳ ಬೇಸಿಗೆಯ ಮರಳು ಕಣ್ಣ ಮುಂದೆ ಬರುತ್ತದೆ. ‘ಟೋಪಿವಾಲೆ’ಯಲ್ಲಿ ಜನಕ್ಕೆ ಟೋಪಿ ಹಾಕುವ ರಾಜಕಾರಣವಿದೆ. ಮೂರನೆಯದರ ಹೆಸರಿನಲ್ಲೇ ಫಕೀರನ ದಾರಿ ಇದೆ. ಮೊಹರಮ್ಮಿಗೆ ಜಾತಿ ಕೇಳದೆ ಫಕೀರರಾಗುವ ನಮ್ಮ ಹಳ್ಳಿಯ ಹುಡುಗರು ಆ ದಾರಿಯನ್ನು ಬಲ್ಲರು.

ಕವಿಗೆ ಅಂಕಿತ ಇದೆ

ನಮ್ಮ ನೆಲದಲ್ಲಿ ಹಾಡಿಗೆ ಬರವಿಲ್ಲ. ಕೃಷ್ಣಾ ತೀರದ ತಿಂಥಣಿಯಲ್ಲಿ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಮೌನೇಶ್ವರನಿದ್ದಾನೆ. ಕೊಡೇಕಲ್ಲಿನಲ್ಲಿ ಕಾಲಜ್ಞಾನ ನುಡಿದ ಬಸವಣ್ಣನಿದ್ದಾನೆ. ಪಕ್ಕದ ಕಲಬುರಗಿ ಜಿಲ್ಲೆಯ ಕಡಕೋಳದಿಂದ ಮಡಿವಾಳಪ್ಪನವರ ತತ್ವಪದಗಳು ಶಹಾಪುರ, ಸುರಪುರದ ಹಳ್ಳಿಹಳ್ಳಿಗೂ ಹರಿದಿವೆ. ಖೈನೂರ ಕೃಷ್ಣಪ್ಪ, ರಾಮಪುರದ ಬಕ್ಕಪ್ಪ, ಜಲಾಲಸಾಹೇಬರು ಆ ಪರಂಪರೆಯವರೇ. ಸುರಪುರದಲ್ಲಿ ಆನಂದದಾಸರು ‘ಕಮಲೇಶವಿಠಲ’ ಎಂಬ ಅಂಕಿತದಲ್ಲಿ ಕೀರ್ತನೆ ರಚಿಸಿದರು.

ಅಂಕಿತ ಎಂಬ ಈ ಏರ್ಪಾಡನ್ನು ಒಂದು ಕ್ಷಣ ನಿಂತು ನೋಡಬೇಕು. ಪದದ ಕೊನೆಯ ನುಡಿಯಲ್ಲಿ ಕವಿ ತನ್ನ ಇಷ್ಟದೈವದ ಅಥವಾ ಗುರುವಿನ ಹೆಸರನ್ನು ಇಡುತ್ತಾನೆ. ಕಾಗದ ಹರಿದರೂ, ಬರೆದವನ ಊರು ಮರೆತರೂ ಆ ಒಂದು ಪದದಿಂದ ಹಾಡು ಯಾರದೆಂದು ಗುರುತಾಗುತ್ತದೆ. ‘ಶಿಶುನಾಳಾಧೀಶ’ ಎಂದರೆ ಶರೀಫರು, ‘ಪುರಂದರವಿಠಲ’ ಎಂದರೆ ಪುರಂದರದಾಸರು. ನೂರಾರು ವರ್ಷ ಬಾಯಿಂದ ಬಾಯಿಗೆ ಸಾಗುವ ಹಾಡಿಗೆ ನಮ್ಮ ಹಿರಿಯರು ಕಟ್ಟಿಕೊಟ್ಟ ಚೀಟಿ ಅದು. ಅದರ ಫಲವಾಗಿಯೇ ಇಂದು ತತ್ವಪದಗಳ ಸಂಪುಟಗಳನ್ನು ಕವಿವಾರು ವಿಂಗಡಿಸಿ ಅಚ್ಚು ಹಾಕಲು ಸಾಧ್ಯವಾಗಿದೆ.

ಕವಿಗೆ ಅಂಕಿತ ಸಿಕ್ಕಿತು. ಹಾಡುಗಾರನಿಗೆ ಸಿಗಲಿಲ್ಲ. ಮಡಿವಾಳಪ್ಪನವರ ಒಂದು ಪದವನ್ನು ಐವತ್ತು ವರ್ಷ ಹಾಡಿ, ಅದಕ್ಕೊಂದು ಧಾಟಿ ಕೊಟ್ಟು, ಮೇಳಕ್ಕೆ ಕಲಿಸಿ ಸತ್ತವನ ಹೆಸರು ಆ ಪದದಲ್ಲಿ ಎಲ್ಲಿಯೂ ಇಲ್ಲ. ಧಾಟಿ ಯಾರದೆಂದು ಕೇಳಿದರೆ “ಹಿಂದಿನವರದು” ಎನ್ನುತ್ತಾರೆ.

ಧ್ವನಿಮುದ್ರಣ ಬಂದದ್ದೇ ಈ ಕೊರತೆ ತುಂಬಲು ಎನ್ನುವಂತೆ ಒಂದು ಪ್ರಸಂಗವಿದೆ. 1902ರ ನವೆಂಬರಿನಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗಾಯಕಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿದರು. ಒಂದು ತಟ್ಟೆಗೆ ಹಿಡಿಯುತ್ತಿದ್ದದ್ದು ಮೂರು ನಿಮಿಷದ ಆಸುಪಾಸು. ಹಾಡು ಮುಗಿಯುವ ಹೊತ್ತಿಗೆ ಗೌಹರ್ ಜಾನ್ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ತಟ್ಟೆಯ ಅಚ್ಚು ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದು ಎಂದು ತಿಳಿಯಲು ಇದ್ದ ಗುರುತು ಅದು. ಕಾರ್ಖಾನೆಯ ಅನುಕೂಲಕ್ಕೆ ಹುಟ್ಟಿದ ಆ ಪದ್ಧತಿಯಿಂದ ಹಾಡಿನ ಕೊನೆಯಲ್ಲಿ ಹಾಡಿದವರ ಹೆಸರು ಬಂತು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ಕಣ್ಣು ಮುಚ್ಚಿದರು. ಅವರ ದನಿ ಇಂದಿಗೂ ಕೇಳಸಿಗುತ್ತದೆ, ಹೆಸರಿನ ಸಮೇತ.

ರಾಕ್ ಬ್ಯಾಂಡಿನ ಆಲ್ಬಮ್ಮಿನೊಳಗಿನ ಪುಸ್ತಿಕೆ ಇದೇ ಅಂಕಿತದ ಬೆಳೆದ ರೂಪ. ಇಸವಿ ಇದೆ, ಹಾಡಿನ ಕ್ರಮ ಇದೆ, ನುಡಿಸಿದವರ ಹೆಸರಿದೆ. ಬ್ಯಾಂಡಿನಿಂದ ಒಬ್ಬರು ಹೊರಟುಹೋದರೂ ಅವರು ನುಡಿಸಿದ ಆಲ್ಬಮ್ಮಿನಲ್ಲಿ ಅವರ ಹೆಸರು ಉಳಿಯುತ್ತದೆ.

ಕಂಬಳಿಯ ಮೇಲೆ, ಸ್ಟುಡಿಯೊದ ಒಳಗೆ

ಸ್ಟುಡಿಯೊದಲ್ಲಿ ರಾಕ್ ಹಾಡು ಮುದ್ರಣವಾಗುವ ಬಗೆ ಬೇರೆ, ಭಜನಿ ನಡೆಯುವ ಬಗೆ ಬೇರೆ. ಸ್ಟುಡಿಯೊದಲ್ಲಿ ಸಾಮಾನ್ಯವಾಗಿ ಮೊದಲು ಡ್ರಮ್ಸು ಕೂರುತ್ತದೆ. ವಾದಕನ ಕಿವಿಯಲ್ಲಿ ಯಂತ್ರವೊಂದು ಟಿಕ್ ಟಿಕ್ ಎಂದು ಲಯ ಹೇಳುತ್ತಿರುತ್ತದೆ. ಅದಕ್ಕೆ ಕ್ಲಿಕ್ ಎನ್ನುತ್ತಾರೆ. ಅದರ ಮೇಲೆ ಬೇಸ್ ಗಿಟಾರು, ಅದರ ಮೇಲೆ ಗಿಟಾರು, ಪಿಟೀಲು, ಕಡೆಗೆ ಕಂಠ. ಪ್ರತಿಯೊಂದೂ ಬೇರೆ ಬೇರೆ ಪದರವಾಗಿ ಉಳಿಯುತ್ತದೆ. ಆಮೇಲೆ ಮಿಕ್ಸಿಂಗ್ ಮಾಡುವವರು ಯಾವುದನ್ನು ಮುಂದೆ ತರಬೇಕು, ಯಾವುದನ್ನು ಹಿಂದೆ ಇಡಬೇಕು ಎಂದು ತೂಗಿ ಹದ ಮಾಡುತ್ತಾರೆ. ಗಾಯಕ ಒಂದು ಸಾಲು ತಪ್ಪಿದರೆ ಆ ಸಾಲನ್ನಷ್ಟೇ ಮತ್ತೆ ಹಾಡಿ ಕೂಡಿಸಬಹುದು.

ಭಜನಿಯಲ್ಲಿ ಎಲ್ಲರೂ ಒಂದೇ ಕಂಬಳಿಯ ಮೇಲೆ, ಒಂದೇ ಉಸಿರಿನಲ್ಲಿ. ಪದ ನಿಧಾನವಾಗಿ ಏಳುತ್ತದೆ. ಎರಡನೆಯ ನುಡಿಗೆ ತಾಳ ಬಿಗಿಯುತ್ತದೆ. ಹಿಮ್ಮೇಳದವರು ಪಲ್ಲವಿ ಕಸಿದುಕೊಂಡಾಗ ಲಯ ಇನ್ನಷ್ಟು ಏರುತ್ತದೆ. ಕೊನೆಗೆ ಕೂತವರ ತೊಡೆ ತಾನಾಗಿ ತಾಳ ಹಾಕುತ್ತದೆ. ಈ ಏರಿಕೆಗೆ ಕ್ಲಿಕ್ ಕಟ್ಟಿದರೆ ಹಾಡಿನ ಜೀವವೇ ಹೋಗುತ್ತದೆ. ಹಾಗಾಗಿ ನಮ್ಮ ಭಜನಿಯನ್ನು ಸ್ಟುಡಿಯೊಕ್ಕೆ ಒಯ್ದು ಒಬ್ಬೊಬ್ಬರನ್ನೇ ಗಾಜಿನ ಕೋಣೆಯಲ್ಲಿ ನಿಲ್ಲಿಸಿ ಹಾಡಿಸಿ ಎಂದು ನಾನು ಕೇಳುವುದಿಲ್ಲ. ಸ್ಟುಡಿಯೊವೇ ಕಟ್ಟೆಗೆ ಬರಬೇಕು. ಮೈಕು ಕಂಬಳಿಯ ಹತ್ತಿರ ಬರಬೇಕು.

ಮಾಧ್ಯಮ ಸಣ್ಣದಾದರೆ ಹಾಡೂ ಸಣ್ಣದಾಗುತ್ತದೆ ಎಂಬುದು ಧ್ವನಿಮುದ್ರಣದ ಹಳೆಯ ಪಾಠ. ಮೂರು ನಿಮಿಷದ ತಟ್ಟೆಗಾಗಿ ದೊಡ್ಡ ದೊಡ್ಡ ಗಾಯಕರು ತಾಸುಗಟ್ಟಲೆ ಹಾಡುವ ರಾಗವನ್ನು ಬೊಗಸೆಯಲ್ಲಿ ಹಿಡಿದು ಕೊಟ್ಟರು. ಆಮೇಲೆ ಲಾಂಗ್‌ಪ್ಲೇ ಬಂತು, ಅರವತ್ತು–ತೊಂಬತ್ತು ನಿಮಿಷದ ಕ್ಯಾಸೆಟ್ ಬಂತು, ಎಪ್ಪತ್ತನಾಲ್ಕು ನಿಮಿಷದ ಸೀಡಿ ಬಂತು. ಈಗ ಜೇಬಿನ ಫೋನಿನಲ್ಲಿ ಇಡೀ ರಾತ್ರಿಯ ಭಜನಿ ಹಿಡಿಯುತ್ತದೆ. ಅಮಾಸಿಯ ರಾತ್ರಿಯಿಂದ ಬೆಳಗಿನವರೆಗೆ ಹಾಡುವ ಸಂಪ್ರದಾಯಕ್ಕೆ ತಕ್ಕ ಪಾತ್ರೆ ಕಟ್ಟಕಡೆಗೆ ಸಿಕ್ಕಿದೆ. ಸಿಕ್ಕ ಹೊತ್ತಿಗೆ ನಾವು ಅದರಲ್ಲಿ ಮೂವತ್ತು ಸೆಕೆಂಡಿನ ರೀಲು ತುಂಬುತ್ತಿದ್ದೇವೆ.

ಯೂಟ್ಯೂಬಿನಲ್ಲಿ ತತ್ವಪದಗಳು ಇಲ್ಲವೆಂದಲ್ಲ, ಬೇಕಾದಷ್ಟಿವೆ. ಜಾತ್ರೆಯಲ್ಲಿ, ಮಠದ ಅಂಗಳದಲ್ಲಿ ಹುಡುಗರು ಪ್ರೀತಿಯಿಂದ ತೆಗೆದು ಹಾಕಿದ್ದಾರೆ. ಆದರೆ ಅವುಗಳಲ್ಲಿ ಎಷ್ಟೋ ವಿಡಿಯೊಗಳ ಕೆಳಗೆ ‘ಸೂಪರ್ ಭಜನಾ ಪದ’ ಎಂಬುದರ ಹೊರತು ಬೇರೇನೂ ಇರುವುದಿಲ್ಲ. ಹಾಡಿದವರು ಯಾರು, ಯಾವ ಊರಿನವರು, ಯಾವ ವರ್ಷ, ಪದ ಯಾರದು ಎಂಬುದು ತಿಳಿಯುವುದಿಲ್ಲ. ಹೆಸರಿಲ್ಲದ ದನಿ ಅರ್ಧ ಕಳೆದುಹೋದ ದನಿಯೇ. ಇಪ್ಪತ್ತು ವರ್ಷದ ಮೇಲೆ ಮೊಮ್ಮಗಳು ತನ್ನ ಮುತ್ಯಾನ ಹಾಡು ಹುಡುಕಿದರೆ ಯಾವ ಹೆಸರು ಹಾಕಿ ಹುಡುಕಬೇಕು?

ಒಂದೇ ಊರಿನಲ್ಲಿ ಎರಡು ಮೇಳ

ಉದ್ಯಾನ್ ಎಕ್ಸ್‌ಪ್ರೆಸ್ಸು ಯಾದಗಿರಿ ನಿಲ್ದಾಣಕ್ಕೆ ಬಂದಾಗ ಜನರಲ್ ಬೋಗಿಯ ಬಾಗಿಲಿನಲ್ಲಿ ಆಗುವ ನೂಕುನುಗ್ಗಲನ್ನು ಕಂಡವರಿಗೆ ನಮ್ಮ ಜಿಲ್ಲೆಯ ಬದುಕು ಗೊತ್ತಿರುತ್ತದೆ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಬೆಂಗಳೂರಿಗೆ ಹೊರಡುತ್ತಾರೆ. ಅಲ್ಲಿ ಎತ್ತರದ ಕಟ್ಟಡಗಳಿಗೆ ಕಾಂಕ್ರೀಟ್ ಹಾಕುತ್ತಾರೆ, ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ.

ಅಂಥ ಒಂದು ಶೆಡ್ಡಿನ ಮುಂದೆ ಒಂದು ಸೋಮವಾರ ಸಂಜೆ ನಾನು ಭಜನಿ ಕೇಳಿದ್ದೇನೆ. ಪೇಟಿ ಇರಲಿಲ್ಲ. ಸಿಮೆಂಟಿನ ಖಾಲಿ ಬಕೆಟ್ ಬೋರಲು ಹಾಕಿ ಒಬ್ಬರು ಬಡಿಯುತ್ತಿದ್ದರು, ಇನ್ನೊಬ್ಬರ ಕೈಯಲ್ಲಿ ತಾಳ. ಸುರಪುರದ ಕಡೆಯ ನಡುವಯಸ್ಸಿನ ಹೆಣ್ಣುಮಗಳೊಬ್ಬರು ಮಡಿವಾಳಪ್ಪನವರ ಪದ ಎತ್ತಿಕೊಂಡರು. ಸುತ್ತಲೂ ಕೂತವರು ದಿನವಿಡೀ ಕಬ್ಬಿಣ ಹೊತ್ತ ಭುಜದವರು. ಹಾಡು ಮುಗಿದ ಮೇಲೆ “ಯಕ್ಕಾ, ಈ ಧಾಟಿ ಯಾರು ಕಲಿಸಿದ್ರು?” ಎಂದು ಕೇಳಿದೆ. “ನಮ್ಮವ್ವ ಹಾಡತಿದ್ಲು ಯಣ್ಣಾ. ಆಕೀಗಿ ಆಕೀ ಅವ್ವ ಕಲಿಸಿದ್ಲಂತ” ಎಂದರು. ಮೂರು ತಲೆಮಾರಿನ ಹೆಂಗಸರು ದಾಟಿಸಿದ ಧಾಟಿ. ಅದನ್ನು ಫೋನಿನಲ್ಲಿ ಮುದ್ರಿಸಿಕೊಂಡೆ. ಅವರ ಒಪ್ಪಿಗೆ ಕೇಳಿ, ಹೆಸರು, ಊರು, ತಾರೀಖನ್ನು ಅವರ ಬಾಯಿಂದಲೇ ಹೇಳಿಸಿ ಅದರ ಕೊನೆಗೆ ಸೇರಿಸಿದೆ. ತಮ್ಮ ಹೆಸರು ಹೇಳುವಾಗ ಅವರು ಸೆರಗು ಸರಿಮಾಡಿಕೊಂಡರು.

ಅದೇ ಬೆಂಗಳೂರಿನಲ್ಲಿ ಅದೇ ಸಂಜೆ ಎಲ್ಲೋ ಒಂದು ಸ್ಟುಡಿಯೊದಲ್ಲಿ ಒಂದು ಬ್ಯಾಂಡು ತನ್ನ ಹೊಸ ಹಾಡು ಮುದ್ರಿಸುತ್ತಿದ್ದಿರಬೇಕು. ಆ ಎರಡು ಮೇಳಗಳನ್ನು ನಾನು ಎದುರಾಳಿಗಳೆಂದು ನೋಡುವುದಿಲ್ಲ. ಶರೀಫರನ್ನು ಗಿಟಾರಿಗೆ ತಂದವರಿಂದ ನಮ್ಮ ಊರಿನ ಹುಡುಗರೂ ತತ್ವಪದದ ಕಡೆ ತಿರುಗಿದ್ದಾರೆ. ಅವರಿಂದ ನಾವು ಕಲಿಯಬೇಕಾದದ್ದು ಲೆಕ್ಕ ಇಡುವ ಶಿಸ್ತನ್ನು.

ಈ ಕೆಲಸ ಆಗುವಂಥದ್ದೇ

ಇದು ಆಗದ ಮಾತಲ್ಲ ಎನ್ನಲು ನಮ್ಮ ನಾಡಿನಲ್ಲೇ ಸಾಕ್ಷಿ ಇದೆ. 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ತುಳುವಿನ ಸಿರಿ ಕಾವ್ಯವನ್ನು ಹಾಡಿದರು. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ನಮ್ಮ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜೊತೆಗೂಡಿ ಅದನ್ನು ಮುದ್ರಿಸಿಕೊಂಡರು. ಅಕ್ಷರಕ್ಕಿಳಿಸಿದಾಗ 15,683 ಸಾಲಾಯಿತು. 1998ರಲ್ಲಿ ಅದು ಪುಸ್ತಕವಾಗಿ ಬಂದಾಗ ಹಾಡಿದ ಗೋಪಾಲ ನಾಯ್ಕರ ಹೆಸರೂ ಜಗತ್ತಿಗೆ ಗೊತ್ತಾಯಿತು. ಹಾಡುಗಾರನಿಗೆ ಅಂಕಿತ ಸಿಗುವುದೆಂದರೆ ಇದು. ನಮ್ಮ ನೆರೆಯ ರಾಯಚೂರು ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ ಇಂದಿಗೂ ಕೇಳಸಿಗುವುದಕ್ಕೆ ಅವರ ಕಾಲದಲ್ಲೇ ಅದು ಮುದ್ರಣವಾದದ್ದೇ ಕಾರಣ. 1966ರಿಂದ ಕೆಲಸ ಮಾಡುತ್ತಿರುವ ಕಲಬುರಗಿ ಆಕಾಶವಾಣಿ ನಮ್ಮ ಭಾಗದ ಎಷ್ಟೋ ಮೇಳಗಳಿಗೆ ಮೊದಲ ಮೈಕು ಕೊಟ್ಟಿತು. ಶರೀಫರ ಊರಿನ ತಾಲ್ಲೂಕಿನಲ್ಲೇ, ಗೊಟಗೋಡಿಯಲ್ಲಿ, 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ.

ಸಂಸ್ಥೆಗಳು ಬರಲಿ ಎಂದು ಕಾಯುವ ಅಗತ್ಯವೂ ಇಲ್ಲ. ಶಹಾಪುರ, ಸುರಪುರ, ಯಾದಗಿರಿಯ ಪ್ರತಿ ಕಾಲೇಜಿನಲ್ಲೂ ಎನ್ನೆಸ್ಸೆಸ್ ಹುಡುಗರಿದ್ದಾರೆ, ಪ್ರತಿಯೊಬ್ಬರ ಕೈಯಲ್ಲೂ ಫೋನಿದೆ. ನಾನು ಮಾಡಿ ನೋಡಿ ಕಲಿತ ನಾಲ್ಕು ಮಾತು ಹೇಳುತ್ತೇನೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ನಡುವೆ ಕರೆ ಬಂದರೆ ಹಾಡು ಕೆಡುತ್ತದೆ. ತಾಳದವರ ಪಕ್ಕ ಇಡಬೇಡಿ, ಅದರ ಸದ್ದು ಉಳಿದೆಲ್ಲವನ್ನೂ ನುಂಗುತ್ತದೆ. ಹಾಡುವವರಿಂದ ಮೂರು ನಾಲ್ಕು ಮೊಳ ದೂರದಲ್ಲಿ, ಮಡಿಸಿದ ಟವೆಲ್ಲಿನ ಮೇಲೆ ಇಡಿ. ಹಾಡು ಮುಗಿದ ತಕ್ಷಣ ನಿಲ್ಲಿಸಬೇಡಿ, ಆಮೇಲಿನ ಮಾತೂ ಹಾಡಿನದೇ ಭಾಗ. ಹಾಡುವವರ ಒಪ್ಪಿಗೆ ಕೇಳಿ. ಅವರ ಹೆಸರು, ಊರು, ಕಲಿಸಿದವರ ಹೆಸರು, ಪದ ಕಟ್ಟಿದವರ ಹೆಸರು, ತಾರೀಖು ಇಷ್ಟನ್ನೂ ಅವರ ಬಾಯಿಂದಲೇ ಹೇಳಿಸಿ. ಫೋನು ಕಳೆಯುತ್ತದೆ, ಒಡೆಯುತ್ತದೆ. ಆದ್ದರಿಂದ ಪ್ರತಿಯೊಂದನ್ನೂ ಎರಡು ಕಡೆ ಉಳಿಸಿ, ಒಂದು ಪ್ರತಿಯನ್ನು ಹಾಡಿದವರ ಮನೆಗೇ ಕೊಡಿ. ಊರಿನ ಮೇಳದ ಹೆಸರಿನಲ್ಲಿ ಒಂದು ನೋಟುಪುಸ್ತಕ ತೆರೆದು ಕ್ರಮಸಂಖ್ಯೆ ಹಾಕಿ ಬರೆದಿಡಿ. ಅದೇ ನಿಮ್ಮ ಮೇಳದ ಮೊದಲ ಆಲ್ಬಮ್ಮು.

ಬೆಂಗಳೂರಿನ ಆ ಬ್ಯಾಂಡು ಏಳು ಆಲ್ಬಮ್ಮಿಗೆ ಇಪ್ಪತ್ತು ವರ್ಷ ತೆಗೆದುಕೊಂಡಿತು. ತಿಂಗಳಿಗೊಂದು ಅಮಾಸಿಯಂತೆ ಹಿಡಿದರೂ ಒಂದು ಊರಿನ ಮೇಳಕ್ಕೆ ವರ್ಷಕ್ಕೆ ಹನ್ನೆರಡು ರಾತ್ರಿಯ ಹಾಡು ಸಿಗುತ್ತದೆ.

ನಮ್ಮೂರ ಮುತ್ಯಾನ ನಲವತ್ತು ಸೆಕೆಂಡನ್ನು ನಾನು ಎರಡು ಕಡೆ ಉಳಿಸಿಟ್ಟಿದ್ದೇನೆ. ಅದರ ಕೊನೆಗೆ ಅವರ ಹೆಸರು ಇಲ್ಲ, ಹೇಳಿಸುವ ಕಾಲ ದಾಟಿತು. ನಿಮ್ಮ ಊರಿನ ಮುತ್ಯಾ, ನಿಮ್ಮ ಮನೆಯ ಆಯಿ ಇನ್ನೂ ಹಾಡುತ್ತಿದ್ದರೆ ಬರುವ ಅಮಾಸಿಗೆ ಫೋನು ಚಾರ್ಜ್ ಮಾಡಿಕೊಂಡು ಕಟ್ಟೆಗೆ ಹೋಗಿ. ಪದ ಪೂರ್ತಿ ಮುಗಿಯುವವರೆಗೆ ಕೂತಿರಿ. ಆಮೇಲೆ ಅವರ ಹೆಸರು ಕೇಳಿ.